ಕೆನ್ನಪ್ಪನ ದೋಣಿ, ಕಾಕಾನ ಧೋತರ

ಮರದ ಜೆಟ್ಟಿ

ಸಮುದ್ರವನ್ನು ಮೊದಲ ಸಲ ಕಣ್ಣು ತುಂಬ ನೋಡಿದ ಬಾಳಪ್ಪ ಕಾಕಾ ದಂಡೆಯನ್ನು ಈ ತುದಿಯಿಂದ ಆ ತುದಿಗೆ ಹುಡುಕಿದ. ಆಮೇಲೆ ನನ್ನ ಕಡೆ ತಿರುಗಿ, "ಮಲ್ಲೂ, ಇಷ್ಟು ನೀರು ಐತಿ, ದಂಡಿಗೆ ಒಂದೂ ಪಂಪ್ ಇಲ್ಲಲ್ಲೋ" ಎಂದ. ಉಪ್ಪುನೀರು ಕಾಕಾ, ಬೆಳೆಗೆ ಬರುವುದಿಲ್ಲ ಎಂದೆ. ಅವನಿಗೆ ನಂಬಿಕೆ ಬರಲಿಲ್ಲ. ಕೆಳಗಿಳಿದು ಹೋಗಿ ಒಂದು ಬೊಗಸೆ ಬಾಯಿಗೆ ಹಾಕಿಕೊಂಡು, ಉಗುಳಿ, ಧೋತರದ ಚುಂಗಿನಿಂದ ತುಟಿ ಒರೆಸಿಕೊಂಡ ಮೇಲೆಯೇ ಆ ವಿಷಯ ಬಿಟ್ಟ.

ನಾವು ನಿಂತಿದ್ದದ್ದು ಆಸ್ಟ್ರೇಲಿಯಾದ ದಕ್ಷಿಣ ದಂಡೆಯ ಒಂದು ಸಣ್ಣ ಬಂದರದಲ್ಲಿ. ತೊಂಬತ್ತರ ದಶಕದ ಮೊದಲ ವರ್ಷಗಳು. ಅಥಣಿ, ಕಾಗವಾಡ ಕಡೆಯ ಹತ್ತು ಹನ್ನೆರಡು ಮಂದಿ ದ್ರಾಕ್ಷಿ ಬೆಳೆಗಾರರು ಒಣದ್ರಾಕ್ಷಿ ಮಾಡುವ ಪದ್ಧತಿ ನೋಡಿ ಬರಲು ಆ ದೇಶಕ್ಕೆ ಹೋಗಿದ್ದೆವು. ನೋಡುವುದೆಲ್ಲ ಮುಗಿದು ಐದು ದಿನ ಉಳಿದಾಗ ಉಳಿದವರು ದೊಡ್ಡ ಶಹರ ನೋಡಲು ಹೋದರು. ನಾನು ಮತ್ತು ನನ್ನ ತಂದೆಯ ತಮ್ಮ ಬಾಳಪ್ಪ ಕಾಕಾ ಬಸ್ಸು ಹಿಡಿದು ಕೆನ್ ಅವರ ಊರಿಗೆ ಬಂದೆವು.

ಕೆನ್ ಎಪ್ಪತ್ತು ವರ್ಷದವರು. ಒಣದ್ರಾಕ್ಷಿಯ ಕೆಲಸದಲ್ಲೇ ಜೀವಮಾನ ಕಳೆದು ನಿವೃತ್ತರಾದವರು. ಎರಡು ವರ್ಷದ ಹಿಂದೆ ಅಥಣಿ ಕಡೆಯ ಅನಂತಪುರದ ಮಡ್ಡಿ ನೆಲದಲ್ಲಿರುವ ನಮ್ಮ ದ್ರಾಕ್ಷಿ ಪಡ ನೋಡಲು ಬಂದು ಎಂಟು ದಿನ ನಮ್ಮ ಮನೆಯಲ್ಲಿದ್ದರು. ಹಗಲೆಲ್ಲ ನನ್ನ ಜೊತೆ ದ್ರಾಕ್ಷಿ ಒಣಹಾಕುವ ಶೆಡ್ಡಿನಲ್ಲಿ ಓಡಾಡಿ, ಸಂಜೆಯಾದರೆ ಶಿರಗುಪ್ಪಿ ಹತ್ತಿರ ಹೊಳೆದಂಡೆಯ ನಮ್ಮ ಕಬ್ಬಿನ ಹೊಲಕ್ಕೆ ಹೋಗಿ ಕಾಕಾನ ಪಕ್ಕ ಕೂತುಬಿಡುತ್ತಿದ್ದರು. ಅಲ್ಲಿ ಕಾಕಾನ ಡೀಸೆಲ್ ಇಂಜಿನ್ನು ಹೊಳೆಯ ನೀರನ್ನು ಮೇಲೆತ್ತುತ್ತಿತ್ತು. ಕೆನ್ ಅವರಿಗೆ ಕನ್ನಡ ಬಾರದು, ಕಾಕಾನಿಗೆ ಇಂಗ್ಲಿಷ್ ಬಾರದು. ಇಬ್ಬರೂ ಇಂಜಿನ್ನಿನ ಸಪ್ಪಳ ಕೇಳುತ್ತ ಚಾ ಕುಡಿಯುತ್ತಿದ್ದರು. ಕಾಕಾ ಅವರಿಗೆ ಕೆನ್ನಪ್ಪ ಎಂದು ಹೆಸರಿಟ್ಟ, ಅವರು ಅದನ್ನು ಒಪ್ಪಿಕೊಂಡರು. ಅವರ ಮತ್ತು ಅವರ ಮಗಳ ಇಂಗ್ಲಿಷನ್ನು ನಾನು ಇಲ್ಲಿ ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ. ಕಾಕಾನಿಗೆ ತಿರುಗಿಸಿ ಹೇಳಿ ಹೇಳಿ ನನ್ನ ನೆನಪಿನಲ್ಲಿ ಅದು ಹಾಗೆಯೇ ಉಳಿದಿದೆ.

ಜೆಟ್ಟಿಯ ಕೊನೆಯಲ್ಲಿ ಅವರ ಹಾಯಿದೋಣಿ ಕಟ್ಟಿತ್ತು. ಇಪ್ಪತ್ತೈದು ಅಡಿ ಉದ್ದ, ಪೂರಾ ಮರದ್ದು, ಒಂದು ಹಾಯಿಕಂಬ, ಒಳಗೆ ಮೂವರು ಮಲಗುವಷ್ಟು ಗೂಡು. ನಮ್ಮ ಹೊಳೆಯ ನಾವೆಯಲ್ಲಿ ಎತ್ತು, ಸೈಕಲ್ಲು, ಮದುವೆಯ ಬೀಗರು ಎಲ್ಲ ಒಟ್ಟಿಗೆ ದಾಟುತ್ತಾರೆ. ಅದಕ್ಕೆ ಹೋಲಿಸಿದರೆ ಇದು ದೇವರ ಕೋಣೆಯಷ್ಟಿತ್ತು, ಹಾಗೆಯೇ ಚೊಕ್ಕಟವಾಗಿಯೂ ಇತ್ತು. ಹಿತ್ತಾಳೆಯೆಲ್ಲ ತಿಕ್ಕಿತ್ತು, ಹಗ್ಗಗಳ ತುದಿಗೆಲ್ಲ ದಾರ ಸುತ್ತಿತ್ತು. ಮೂವತ್ತು ವರ್ಷದಿಂದ ಪ್ರತಿ ಚಳಿಗಾಲ ಅದನ್ನು ದಂಡೆಗೆ ಎಳೆದು, ತಳಕ್ಕೆ ಅಂಟಿದ ಚಿಪ್ಪು ಕೆರೆದು, ಹಲಗೆಗಳ ಸಂದಿಗೆ ಹತ್ತಿ ಬಡಿದು, ಬಣ್ಣ ಹಚ್ಚುತ್ತಾರಂತೆ. ಕಾಕಾನಿಗೆ ಇದು ಕೂಡಲೇ ತಿಳಿಯಿತು. ಹೊಳೆ ಏರಿದಾಗ ನಾವೂ ಇಂಜಿನ್ನನ್ನು ದಂಡೆಗೆ ಎಳೆಯುತ್ತೇವೆ, ಇಳಿದ ಮೇಲೆ ಕೆಸರು ತೊಳೆದು ಮತ್ತೆ ಕೂಡಿಸುತ್ತೇವೆ.

"ವರ್ಷಕ್ಕ ಎಷ್ಟು ದಿನಾ ಇದರಾಗ ತಿರಗತಾನಂತ?" ಎಂದು ಕಾಕಾ ಕೇಳಿದ. ಇಪ್ಪತ್ತು ದಿನ ಎಂದರು ಕೆನ್. ಮತ್ತೆ ಕೆರೆದು, ಬಣ್ಣ ಹಚ್ಚಿ ಸವರಣಿ ಮಾಡುವುದು ಎಷ್ಟು ದಿನ? ಅರವತ್ತು ದಿನ. ಕಾಕಾ ತಲೆಯಾಡಿಸಿ, "ಹಂಗಾರ ಇದು ಎತ್ತು ಸಾಕಿದಂಗ" ಎಂದ. ಕೆನ್ ಅವರಿಗೆ ಆ ಮಾತು ಹೇಳಿದಾಗ ಭಾಳ ಹೊತ್ತು ನಕ್ಕರು.

ಪಕ್ಕದಲ್ಲೇ ನಿಂತಿದ್ದ ಅವರ ಮಗಳು ಜೂಡಿ ನಗಲಿಲ್ಲ. ನಲವತ್ತರ ಆಸುಪಾಸಿನ ಹೆಣ್ಣುಮಗಳು, ಆ ಊರಿನಲ್ಲಿ ನರ್ಸ್. ನಮ್ಮ ಚೀಲಗಳನ್ನು ದೋಣಿಗೆ ಇಳಿಸುವ ನೆಪದಲ್ಲಿ ನನ್ನನ್ನು ಬದಿಗೆ ಕರೆದಳು.

"ಹ್ವಾದ ಚಳಿಗಾಲದಾಗ ಅಪ್ಪ ಜೆಟ್ಟಿಗೂ ದೋಣಿಗೂ ನಡುವ ಬಿದ್ದಿದ್ದ. ಒಂದು ತಾಸು ಈ ಕಂಬಾ ತಬ್ಬಿಕೊಂಡು ನೀರಾಗ ನಿಂತಿದ್ದ. ಅವತ್ತಿಂದ ಬಲಭುಜ ನೆಟ್ಟಗಿಲ್ಲ. ದೋಣಿ ಮಾರಂತ ನಾ ಹೇಳಾಕತ್ತೀನಿ. ಕಡೀಕ ಒಂದು ಮಾತಿಗೆ ಬಂದೀವ್ರಿ. ಈ ಸಲ ದ್ವೀಪಕ್ಕ ಹೋಗಿ ಮೂರು ದಿನಕ್ಕ ತಿರುಗಿ ಬರ್ಬೇಕು. ಏನೂ ತೊಂದ್ರಿ ಆಗಲಿಲ್ಲಂದ್ರ ದೋಣಿ ಅವನ ಹತ್ರನ ಇರ್ಲಿ. ಏನಾರ ಕೆಟ್ಟರ ಮಾರೂದು. ಅಪ್ಪ ಒಪ್ಪ್ಯಾನ. ಒಬ್ಬನ ಹೋಗಬಾರ್ದು ಅಂದಿದ್ದೆ, ಅದಕ್ಕ ನಿಮ್ಮನ್ನ ಕರಕೊಂಡ ಹೊಂಟಾನ."

ಸಮುದ್ರ ಕಂಡು ಅರ್ಧ ತಾಸೂ ಆಗದ ಇಬ್ಬರು ದ್ರಾಕ್ಷಿ ಬೆಳೆಗಾರರನ್ನು ದೋಣಿಯ ಖಲಾಸಿಗಳೆಂದು ಲೆಕ್ಕ ಹಿಡಿದ ಕೆನ್ ಅವರ ಧೈರ್ಯವನ್ನು ಮೆಚ್ಚಲೇಬೇಕು. ಈಜು ಬರುತ್ತದೆಯೇ ಎಂದು ಜೂಡಿ ಕೇಳಿದಳು. ಹೊಳೆದಂಡೆಯವರಿಗೆ ಆ ಪ್ರಶ್ನೆ ಕೇಳುವುದಿಲ್ಲ ತಂಗಿ ಎಂದೆ.

ಜೂಡಿಯ ಮಾತು ಕೇಳುವಾಗ ನನಗೆ ಕಸಿವಿಸಿಯಾಯಿತು. ಅದಕ್ಕೆ ಕಾರಣವಿತ್ತು. ಹೋದ ಮಳೆಗಾಲದಲ್ಲಿ ಕಾಕಾನೂ ಹೊಳೆಯ ಕೆಸರಿನಲ್ಲಿ ಜಾರಿ ಇಂಜಿನ್ನಿನ ಪಕ್ಕ ಬಿದ್ದಿದ್ದ. ಅವನಿಗೆ ಅರವತ್ತನಾಲ್ಕು. ದಿನಾ ನಸುಕಿಗೆ ಹೋಗಿ ಹ್ಯಾಂಡಲ್ ಹೊಡೆದು ಇಂಜಿನ್ ಚಾಲೂ ಮಾಡುವುದನ್ನು ಅವನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ನಾವಿಬ್ಬರೂ ಪರದೇಶದಲ್ಲಿರುವಾಗ ಆ ಇಂಜಿನ್ ಕಿತ್ತು ಕರೆಂಟಿನ ಮೋಟಾರು ಕೂಡಿಸಿಬಿಡು ಎಂದು ನನ್ನ ತಮ್ಮ ಸಿದ್ದೂಗೆ ಹೇಳಿ ಬಂದಿದ್ದೆ. ಕಾಕಾನಿಗೆ ಹೇಳಿರಲಿಲ್ಲ. ಹೇಳಿದರೆ ಅವನು ವಿಮಾನ ಹತ್ತುತ್ತಿರಲಿಲ್ಲ.

ಮೊದಲ ದಿನ: ಒಲೆ

ದೋಣಿಯಲ್ಲಿ ಒಂದು ಇಂಜಿನ್ ಇತ್ತು. ಬಂದರದಿಂದ ಹೊರಬೀಳಲು, ಗಾಳಿ ಬಿದ್ದಾಗ ನಡೆಸಲು. ನೆಲದ ಹಲಗೆ ಎತ್ತಿ ಕೆನ್ ಅದನ್ನು ತೋರಿಸಿದಾಗ ಕಾಕಾನ ಮುಖ ಅರಳಿತು. ಒಂದೇ ಸಿಲಿಂಡರಿನ ಡೀಸೆಲ್ ಇಂಜಿನ್ನು, ಹ್ಯಾಂಡಲ್ ಹೊಡೆದು ಚಾಲೂ ಮಾಡುವಂಥದ್ದು, ನಮ್ಮ ಹೊಳೆದಂಡೆಯದರ ತಮ್ಮನೇ ಎನ್ನಬೇಕು. ಕೆನ್ ಭುಜ ಹಿಡಿದುಕೊಂಡು ಹಿಂದೆ ಮುಂದೆ ನೋಡುತ್ತಿದ್ದಾಗ ಕಾಕಾ ಧೋತರ ಮೇಲೆ ಕಟ್ಟಿ ಒಳಗಿಳಿದ. ನಾಲ್ಕು ಸುತ್ತು ತಿರುಗಿಸಿ, ಸಿಲಿಂಡರಿನ ಒತ್ತಡ ತಡೆದಿದ್ದ ಮೇಲಿನ ಕೀಲಿ ಬಿಟ್ಟ. ಇಂಜಿನ್ ಟಕಟಕ ಎಂದು ಹಿಡಿಯಿತು. ಜೆಟ್ಟಿಯ ಮೇಲೆ ನಿಂತಿದ್ದ ಜೂಡಿ ಚಪ್ಪಾಳೆ ತಟ್ಟಿದಳು.

ಹೊರಗೆ ಬಂದ ಮೇಲೆ ಕೆನ್ ಹಾಯಿ ಏರಿಸಿ ಇಂಜಿನ್ ನಿಲ್ಲಿಸಿದರು. ಆ ಕ್ಷಣ ಹೇಗಿತ್ತು ಎಂದು ಈಗಲೂ ಜನ ಕೇಳುತ್ತಾರೆ. ಸಪ್ಪಳವೆಲ್ಲ ನಿಂತು, ದೋಣಿ ಒಂದು ಕಡೆ ವಾಲಿ, ತಾನೇ ನಡೆಯತೊಡಗಿತು. ತಳದಲ್ಲಿ ನೀರು ಹರಿಯುವ ಸದ್ದು ಮಾತ್ರ, ನಮ್ಮ ಕಬ್ಬಿನ ಸಾಲಿಗೆ ಮೊದಲ ನೀರು ಬಿಟ್ಟಾಗ ಕೇಳುವಂಥದ್ದು. ಕಾಕಾ ಹಾಯಿಯನ್ನೂ ಇಂಜಿನ್ನನ್ನೂ ಒಂದೊಂದು ಸಲ ನೋಡಿ, "ಎಣ್ಣಿ ಬ್ಯಾಡ, ಕರೆಂಟ್ ಬ್ಯಾಡ. ಇದನ್ನ ನಮ್ಮ ಹೊಳಿಗೆ ಯಾಕ ಯಾರೂ ತಂದಿಲ್ಲೋ" ಎಂದ. ಕರೆಂಟ್ ಎಂಬ ಮಾತು ಕೇಳಿ ನಾನು ಬೇರೆ ಕಡೆ ನೋಡಿದೆ.

ಕೆನ್ ನನಗೆ ಚುಕ್ಕಾಣಿ ಹಿಡಿಯಲು ಕಲಿಸಿದರು, ಕಾಕಾನಿಗೆ ಮುಂದಿನ ಸಣ್ಣ ಹಾಯಿಯ ಹಗ್ಗ ಕೊಟ್ಟರು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು ಎಂದು ಹೇಳಲು ಹೊರಟರು. ಕಾಕಾ ಆಗಲೇ ಸಡಿಲ ಹಿಡಿದು ಕೂತಿದ್ದ. ಹೋರಿಯ ಹಗ್ಗ ಕೈಗೆ ಸುತ್ತಿಕೊಂಡು ಬೆರಳು ಕಳೆದುಕೊಂಡವರನ್ನು ಅವನು ಚಿಕ್ಕಂದಿನಿಂದ ನೋಡಿದ್ದಾನೆ. ಸಂಜೆಯೊಳಗೆ ಕೆನ್ "ಎಳಿ", "ಬಿಡು" ಎಂಬ ಎರಡು ಕನ್ನಡ ಮಾತು ಕಲಿತರು. ದೋಣಿ ನಡೆಸಲು ಅಷ್ಟು ಕನ್ನಡ ಸಾಕು ಎಂದು ಆ ದಿನ ಗೊತ್ತಾಯಿತು.

ಕಾಕಾನಿಗೆ ಒಂದು ಚಟವಿದೆ. ಅಲ್ಲಾಡುವುದನ್ನು ಕಂಡರೆ ಬಿಗಿ ಮಾಡುತ್ತಾನೆ, ಹನಿಯುವುದನ್ನು ಕಂಡರೆ ನಿಲ್ಲಿಸುತ್ತಾನೆ. ಮದುವೆ ಮನೆಗೆ ಹೋದರೂ ಅವರ ನಲ್ಲಿ ರಿಪೇರಿ ಮಾಡಿ ಬರುವ ಮನುಷ್ಯ. ದೋಣಿಯ ಗೂಡಿನಲ್ಲಿ ಒಂದು ಸಣ್ಣ ಒಲೆ ಇತ್ತು, ಎರಡು ಬದಿಗೆ ಕೀಲಿನಲ್ಲಿ ತೂಗುಬಿಟ್ಟದ್ದು. ದೋಣಿ ವಾಲಿದರೂ ಒಲೆ ಮಾತ್ರ ತೊಟ್ಟಿಲಿನಂತೆ ತೂಗಿ ಮಟ್ಟವಾಗಿ ಇರಲಿ ಎಂಬುದು ಅದರ ಉಪಾಯ. ಕಾಕಾ ಅದನ್ನು ನೋಡಿ ಕೀಲು ಸಡಿಲಾಗಿದೆ ಎಂದುಕೊಂಡ. ನಾವು ಮೇಲಿದ್ದಾಗ ಸುತಳಿ ತೆಗೆದು ಒಲೆಯನ್ನು ಗೋಡೆಗೆ ಭದ್ರವಾಗಿ ಕಟ್ಟಿಬಿಟ್ಟ. ಕೆನ್ ಚಾ ಇಟ್ಟರು, ದೋಣಿ ವಾಲಿತು, ಪಾತ್ರೆಯಲ್ಲಿದ್ದ ಚಾ ಅಷ್ಟೂ ಅವರ ಹಾಸಿಗೆಗೆ ಬಂತು.

ನಾನು ನಾಚಿಕೆಯಿಂದ ಸತ್ತೆ. ಕೆನ್ ಸುತಳಿಯ ಗಂಟು ನೋಡಿ, "ಗಂಟು ಚಲೋ ಹಾಕ್ಯಾನ" ಎಂದರು. ಬಿಚ್ಚಲು ಬಾರದೆ ಕೊನೆಗೆ ಚಾಕುವಿನಿಂದ ಕೊಯ್ದರು.

ಎರಡನೆಯ ದಿನ: ದ್ವೀಪದ ಕೊಲ್ಲಿ

ದ್ವೀಪದ ಮರೆಯ ಕೊಲ್ಲಿಯಲ್ಲಿ ಲಂಗರು ಹಾಕಿದ್ದೆವು. ಬಿಳಿ ಮರಳು, ಕುರುಚಲು ಗಿಡ, ಮನುಷ್ಯರಿಲ್ಲ. ಬೆಳಗ್ಗೆ ಕಾಕಾ ತೂಗುವ ಒಲೆಯ ಮೇಲೆಯೇ ರೊಟ್ಟಿ ಮಾಡಿದ. ಜೋಳದ ಹಿಟ್ಟು ನಮ್ಮ ಚೀಲದಲ್ಲಿತ್ತು. ಶೇಂಗಾ ಚಟ್ನಿ ಹಚ್ಚಿಕೊಂಡು ಮೂವರೂ ದೋಣಿಯ ಮೇಲೆ ಕಾಲು ಇಳಿಬಿಟ್ಟು ತಿಂದೆವು. ದೊಡ್ಡ ಮೀನಿನಂಥ ಡಾಲ್ಫಿನ್ನುಗಳೆರಡು ಉಸಿರು ಬಿಡುತ್ತ ಸುತ್ತು ಹೊಡೆದು ಹೋದವು. ಆ ಹಕ್ಕಿ, ಈ ಬಂಡೆ, ಇಲ್ಲಿ ಒಮ್ಮೆ ನಾಲ್ಕು ದಿನ ಗಾಳಿಗೆ ಸಿಕ್ಕಿ ಕೂತದ್ದು ಎಂದು ಕೆನ್ ಹೇಳುತ್ತ ಹೋದರು. ನಡುವೆ ಒಂದು ಸಲ ನಿಲ್ಲಿಸಿ, "ಇದನ್ನ ಮಾರಿದ ಮ್ಯಾಲೆ ನಾ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ಲಿ ಅನ್ನೂದ ತಿಳೀವಲ್ದು" ಎಂದರು.

ಈ ಮಾತನ್ನು ಕಾಕಾನಿಗೆ ಹೇಳಿದೆ. ಅವನು ರೊಟ್ಟಿ ಮುರಿಯುತ್ತ ತಲೆ ತಗ್ಗಿಸಿದ. "ಖರೇ ಐತಿ" ಎಂದಷ್ಟೇ ಹೇಳಿದ. ಮೋಟಾರಿನ ಮಾತನ್ನು ಆಗಲೇ ಹೇಳಿಬಿಡಬೇಕೆನ್ನಿಸಿತು, ಆದರೆ ಹೇಳಲಿಲ್ಲ. ಅವನ ಪ್ರವಾಸ ಕೆಡಿಸುವುದೇಕೆ ಎಂದು ನನಗೆ ನಾನೇ ಸಬೂಬು ಕೊಟ್ಟುಕೊಂಡೆ.

ಮಧ್ಯಾಹ್ನ ಕೆನ್ ಮತ್ತು ನಾನು ದೋಣಿಯ ಹಿಂದೆ ಕಟ್ಟಿದ್ದ ಸಣ್ಣ ತೆಪ್ಪದಲ್ಲಿ ದಂಡೆಗೆ ಹೋದೆವು. ಕಾಕಾ ಮಲಗುತ್ತೇನೆಂದು ಉಳಿದ. ತಿರುಗಿ ಬಂದಾಗ ಅವನ ಕೈಯೆಲ್ಲ ಗ್ರೀಸಾಗಿತ್ತು, ಮುಖದಲ್ಲಿ ಒಂದು ಸಮಾಧಾನವಿತ್ತು. ಇಂಜಿನ್ ಸ್ವಲ್ಪ ಒರೆಸಿದೆ ಎಂದ.

ಸಂಜೆ ಕೆನ್ ಎಂದಿನಂತೆ ಹಲಗೆ ಎತ್ತಿ ತಳದ ನೀರು ನೋಡಿದರು. ದಿನಕ್ಕೆ ಎರಡು ಬಕೆಟ್ ನೀರು ಸೇರುವುದು ವಾಡಿಕೆಯಂತೆ. ಆ ದಿನ ಮಧ್ಯಾಹ್ನ ಹೊರಡುವ ಮುಂಚೆ ಖಾಲಿ ಮಾಡಿದ್ದ ತಳ ಇನ್ನೂ ಒಣಗಿಯೇ ಇತ್ತು. "ಮೂವತ್ತು ವರ್ಷದಾಗ ಹಿಂಗ ಆಗಿಲ್ಲ. ಹಲಗಿ ಉಬ್ಬಿ ಸಂದಿ ಮುಚ್ಚಿರ್ಬೇಕು" ಎಂದು ಅವರಿಗೆ ಖುಷಿಯಾಯಿತು. ಕಾಕಾ ಮೀಸೆಯೊಳಗೆ ನಕ್ಕ. ಇಬ್ಬರ ಖುಷಿ ನೋಡಿ ನನಗೂ ಖುಷಿಯಾಯಿತು, ಕಾರಣ ಯಾರೂ ಕೇಳಲಿಲ್ಲ.

ಮೂರನೆಯ ದಿನ: ಸುಟ್ಟ ವಾಸನೆ

ಮೂರನೆಯ ದಿನ ಬೆಳಗ್ಗೆ ಗಾಳಿಯೇ ಇರಲಿಲ್ಲ. ಇಂಜಿನ್ ಹಾಕಿ ಹೊರಟೆವು. ಒಂದು ತಾಸಿನ ಮೇಲೆ ಕಾಕಾ ಮೂಗು ಅರಳಿಸಿ, "ಅರಿವಿ ಸುಟ್ಟಂಗ ಆಗಾಕತ್ತೈತಿ" ಎಂದ. ಕೆನ್ ಹಲಗೆ ಎತ್ತಿದರು. ಒಳಗಿನಿಂದ ಹೊಗೆ ಬಂತು.

ದೋಣಿಯ ಹಿಂಭಾಗದಲ್ಲಿ ಇಂಜಿನ್ ತಿರುಗಿಸುವ ಲೋಹದ ದಂಡ ತಳವನ್ನು ತೂರಿ, ದೋಣಿ ನಡೆಸುವ ಹೊರಗಿನ ರೆಕ್ಕೆಗೆ ಹೋಗುತ್ತದೆ. ಆ ತೂತಿನಲ್ಲಿ ಸಮುದ್ರ ಒಳಗೆ ಬಾರದಂತೆ ದಂಡದ ಸುತ್ತ ಎಣ್ಣೆ ಕುಡಿಸಿದ ನೂಲಿನ ದೋರಿ ತುಂಬಿ, ಎರಡು ನಟ್ಟಿನಿಂದ ಒತ್ತಿರುತ್ತಾರೆ. ಇದಕ್ಕೆ ಗ್ಲ್ಯಾಂಡ್ ಎನ್ನುತ್ತಾರೆ. ಹೊಳೆಯ ಪಂಪಿಗೂ ಇಂಥದೇ ಗ್ಲ್ಯಾಂಡ್ ಇರುತ್ತದೆ, ಹೆಸರೂ ಅದೇ. ನಮ್ಮ ಪಂಪಿನಲ್ಲಿ ಗ್ಲ್ಯಾಂಡ್ ಸಡಿಲಿದ್ದರೆ ಪಂಪು ಗಾಳಿ ಹಿಡಿಯುತ್ತದೆ, ನೀರು ಏರುವುದಿಲ್ಲ. ಅದಕ್ಕೇ ಕಾಕಾನ ಗ್ಲ್ಯಾಂಡಿನಿಂದ ಹನಿ ನೀರೂ ಬೀಳದು ಎಂದು ಶಿರಗುಪ್ಪಿಯಿಂದ ಮುಗಳಖೋಡದ ನಮ್ಮ ಬೀಗರ ತನಕ ಹೆಸರು. ಹಿಂದಿನ ದಿನ ಮಧ್ಯಾಹ್ನ ದೋಣಿಯ ಗ್ಲ್ಯಾಂಡು ಹನಿಯುವುದನ್ನು ಕಂಡ ಕಾಕಾ ಪಾನಾ ಹುಡುಕಿ ಎರಡೂ ನಟ್ಟು ಕಚ್ಚುವ ತನಕ ಬಿಗಿ ಮಾಡಿದ್ದ.

ದೋಣಿಯಲ್ಲಿ ಅದು ಹನಿಯಲೇಬೇಕಂತೆ. ಆ ನಾಲ್ಕು ಹನಿಯೇ ದಂಡವನ್ನು ತಂಪಾಗಿಡುತ್ತದೆ. ಈಗ ದೋರಿ ಸುಟ್ಟು ಬೂದಿಯಾಗಿತ್ತು. ಕೆನ್ ಇಂಜಿನ್ ನಿಲ್ಲಿಸಿ, ಮೇಲಿಂದಲೇ ಉದ್ದನೆಯ ಪಾನಾ ಚಾಚಿ ನಟ್ಟು ಸಡಿಲಿಸಿದ್ದೇ ತಡ, ಬೆರಳು ಗಾತ್ರದ ಸಮುದ್ರ ಒಳಗೆ ಬರತೊಡಗಿತು. ಹೊಸ ದೋರಿ ಇರುವ ಡಬ್ಬಿ ತೆಗೆದರು. ಗೇಣುದ್ದದ ಒಂದು ತುಂಡಿತ್ತು. ತರಬೇಕು ಎಂದು ಬರೆದಿಟ್ಟು ವರ್ಷವಾಗಿದೆ ಎಂದು ಹೇಳಿ ತಮ್ಮ ಹಣೆ ತಾವೇ ಬಡಿದುಕೊಂಡರು.

ಆಮೇಲೆ ದೋರಿ ತುಂಬುವುದಕ್ಕೆ ಇಂಜಿನ್ನಿನ ಹಿಂದಿನ ಗುಂಡಿಯೊಳಗೆ ಇಳಿಯಲು ನೋಡಿದರು. ಬಲಭುಜ ಹೊರಳಲಿಲ್ಲ. ಎಡಗೈ ಅಲ್ಲಿಗೆ ಮುಟ್ಟಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿ, ನೋವಿಗೆ ಕಣ್ಣು ಮುಚ್ಚಿ ಅಲ್ಲೇ ಕೂತರು. ಆ ಮುಖ ನೋಡಿ ನನಗೆ ಹೆದರಿಕೆಗಿಂತ ಹೆಚ್ಚು ದುಃಖವಾಯಿತು.

ಕಾಕಾ ಧೋತರದ ಅಂಚು ಹಲ್ಲಿಗೆ ಸಿಕ್ಕಿಸಿ ಹರಿದ. ಮೂರು ಪಟ್ಟಿ ಮಾಡಿ, ಹೆಣ್ಣುಮಕ್ಕಳ ಜಡೆಯಂತೆ ಹೆಣೆದು, ಕೆನ್ ಅವರ ಗ್ರೀಸಿನ ಡಬ್ಬಿಯಲ್ಲಿ ಅದ್ದಿ ತಿಕ್ಕಿದ. ನಂತರ ತಲೆ ಕೆಳಗೆ ಮಾಡಿ ಗುಂಡಿಯೊಳಗೆ ಇಳಿದ. ಸುಟ್ಟ ದೋರಿಯನ್ನು ಮೊಳೆಯಿಂದ ಕೆದಕಿ ತೆಗೆಯುವಾಗ ನೀರು ಅವನ ಎದೆಗೆ ಹೊಡೆಯುತ್ತಿತ್ತು. ನಾನು ಬಕೆಟ್ಟಿನಿಂದ ಎತ್ತಿ ಎತ್ತಿ ಹೊರಗೆ ಚೆಲ್ಲಿದೆ. ಎಷ್ಟು ಬಕೆಟ್ ಎಂದು ಗೊತ್ತಿಲ್ಲ, ಮುಂದೆ ಎರಡು ದಿನ ಕೈ ಮೇಲೇಳಲಿಲ್ಲ. ಕೊನೆಗೆ ಕಾಕಾ, "ಪಾನಾ ಕೊಡು" ಎಂದ. ನೀರು ಸಣ್ಣದಾಗುತ್ತ ಬಂದು ಹನಿಗೆ ನಿಂತಿತು. ಅವನು ಇನ್ನೊಂದು ಸುತ್ತು ಬಿಗಿ ಮಾಡಲು ಹೋದ. ಕೆನ್ ಮೇಲಿಂದ, "ಬಿಡು" ಎಂದರು. ಕಾಕಾನ ಕೈ ನಿಂತಿತು.

ಮೇಲೆ ಬಂದ ಕಾಕಾ ಕೆನ್ ಅವರ ಕಾಲು ಮುಟ್ಟಲು ಬಗ್ಗಿದ. ಅವರು ಎರಡೂ ಕೈ ಹಿಡಿದು ಎಬ್ಬಿಸಿದರು. "ಒಲಿ ಕಟ್ಟಿದಾಗನ ನಾ ಎಲ್ಲಾ ತೋರಿಸಿ ಹೇಳಬೇಕಾಗಿತ್ತು, ಹೇಳಲಿಲ್ಲ. ದೋರಿ ಇಟ್ಟಿರಬೇಕಾಗಿತ್ತು, ಇಟ್ಟಿರಲಿಲ್ಲ" ಎಂದರು. ಕಾಕಾ ಮುಂದೆ ಹೋಗಿ ಹಗ್ಗದ ಹತ್ತಿರ ನಮಗೆ ಬೆನ್ನು ಮಾಡಿ ಕೂತ.

ಅಷ್ಟರಲ್ಲಿ ದಕ್ಷಿಣದ ಗಾಳಿ ಬಂತು. ಕೆನ್ ಹಾಯಿ ಏರಿಸಿದರು. ದೋಣಿ ಏನೂ ಆಗಿಲ್ಲವೆಂಬಂತೆ ನಡೆಯತೊಡಗಿತು. ಧೋತರದ ಪಟ್ಟಿ ತಾಳಲಾರದೆಂದು ಇಂಜಿನ್ ಮತ್ತೆ ಹಾಕುವ ಹಾಗಿರಲಿಲ್ಲ, ಬಂದರದೊಳಕ್ಕೆ ಹಾಯಿಯಲ್ಲೇ ಹೋಗಬೇಕು. ಅಲ್ಲಿ ಎರಡು ಕಂಬಗಳ ನಡುವೆ ಕಿರಿದಾದ ದಾರಿ, ಆಚೀಚೆ ಕಲ್ಲು. ಹತ್ತು ವರ್ಷದಿಂದ ಹಾಯಿಯಲ್ಲಿ ಒಳಗೆ ಹೋಗಿಲ್ಲ ಎಂದರು ಕೆನ್. ಸ್ವಲ್ಪ ಹೊತ್ತು ಬಿಟ್ಟು ನನ್ನ ಕಡೆ ನೋಡದೆಯೇ, "ಜೂಡಿಗೆ ಹೇಳೂದು ಬ್ಯಾಡ್ರಿ. ಗಾಳಿ ಚಲೋ ಇತ್ತು, ಅದಕ್ಕ ಹಾಯಿ ಮ್ಯಾಲೆ ಬಂದ್ವಿ ಅಂತ ನಾ ಹೇಳ್ತೀನಿ" ಎಂದರು.

ಎಪ್ಪತ್ತು ವರ್ಷದ ಮನುಷ್ಯ ನನ್ನ ಹತ್ತಿರ ಹೀಗೆ ಕೇಳಿಕೊಂಡದ್ದಕ್ಕೆ ನನಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ಆಗಲಿ ಎಂದೆ.

ಮತ್ತೆ ಜೆಟ್ಟಿ

ಬಂದರದ ಹತ್ತಿರ ಕೆನ್ ದೊಡ್ಡ ಹಾಯಿ ಇಳಿಸಿದರು. ಮುಂದಿನ ಸಣ್ಣ ಹಾಯಿಯೊಂದೇ ಉಳಿಯಿತು, ಅದರ ಹಗ್ಗ ಕಾಕಾನ ಕೈಯಲ್ಲಿ. ಕೆನ್ ಎಡಗೈಯಲ್ಲಿ ಚುಕ್ಕಾಣಿ ಹಿಡಿದು ನಿಂತರು. ಆಗ ಅವರ ಬೆನ್ನು ನೆಟ್ಟಗಾದದ್ದನ್ನು ನಾನು ನೋಡಿದೆ. "ಎಳಿ" ಎಂದರು, ಕಾಕಾ ಎಳೆದ. ಎಡಗಡೆಯ ಕಂಬ ಕೈಗೆ ಸಿಗುವಷ್ಟು ಹತ್ತಿರ ಹೋಯಿತು. "ಬಿಡು" ಎಂದರು, ಬಿಟ್ಟ. ಹಾಯಿ ಪಟಪಟ ಬಡಿದು ಸುಮ್ಮನಾಯಿತು. ದೋಣಿ ಉಳಿದ ವೇಗದಲ್ಲಿ ತೇಲಿ ಬಂದು ಜೆಟ್ಟಿಗೆ ಮೆತ್ತಗೆ ತಾಗಿತು. ಮನೆಗೆ ಬಂದ ಎತ್ತು ಗೋದಲಿಯ ಮುಂದೆ ನಿಲ್ಲುವ ಹಾಗೆ ನಿಂತಿತು.

ಜೂಡಿ ಹಗ್ಗ ಹಿಡಿದುಕೊಂಡಳು. ಅವಳ ಮುಖದಲ್ಲಿ ಮೂರು ದಿನದ ಹಿಂದಿನ ಬಿಗಿ ಇರಲಿಲ್ಲ. "ಇಂಜಿನ್ ಯಾಕ ಹಾಕಲಿಲ್ಲ?" ಎಂದು ತಂದೆಯನ್ನು ಕೇಳಿದಳು. ಗಾಳಿ ಚಲೋ ಇತ್ತು ಎಂದರು ಅವರು. ಅವಳು ನನ್ನ ಕಡೆ ತಿರುಗಿ ನಗುತ್ತ, "ಹಂಗಾರ ಏನೂ ತೊಂದ್ರಿ ಆಗಲಿಲ್ಲ, ಹೌದಲ್ರಿ?" ಎಂದಳು.

ನಾನು ಚೀಲಗಳ ಕಡೆ ತಿರುಗಿದೆ. ಕಾಕಾ ಹಿಂದಿನಿಂದ, "ಏನ್ ಕೇಳಾಕತ್ತಾಳ?" ಎಂದ. ಹೇಳಿದೆ. ಅವಳಿಗೆ ಹೇಳಬೇಡಿರೆಂದು ಕೆನ್ ಕೇಳಿಕೊಂಡದ್ದನ್ನೂ ಹೇಳಿದೆ.

"ನಾ ಮಾಡಿದ್ದನ್ನ ಅಕಿಗೆ ಹೇಳು."

"ಹೇಳಿದ್ರ ದೋಣಿ ಹೋಗ್ತೈತಿ ಕಾಕಾ."

"ಹೋಗೂದು ಇರೂದು ಅಪ್ಪ ಮಗಳ ಮಾತು. ಮೂರು ದಿನಾ ದಾರಿ ಕಾಯ್ದಾಳ ಅಕಿ. ಅಕಿ ಬೆನ್ನ ಹಿಂದ ಯಾಕ ಮಾಡೂದು? ಹೇಳು."

ಬೆನ್ನ ಹಿಂದೆ ಎಂಬ ಮಾತು ನನಗೇ ಬಂದು ತಾಗಿತು. ಹೇಳಿದೆ. ಗ್ಲ್ಯಾಂಡು, ಹೊಗೆ, ಗೇಣುದ್ದದ ದೋರಿ, ಧೋತರ ಎಲ್ಲ ಹೇಳಿದೆ. ಕೆನ್ ನನ್ನನ್ನು ತಡೆಯಲಿಲ್ಲ. ಹಗ್ಗ ಸುರುಳಿ ಸುತ್ತುತ್ತ ಕೂತಿದ್ದರು, ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತಿದರು.

ಜೂಡಿ ದೋಣಿಗೆ ಇಳಿದು ಗೂಡಿನೊಳಗೆ ಹೋದಳು. ಹಲಗೆ ಎತ್ತಿದ ಸಪ್ಪಳ ಕೇಳಿತು. ಭಾಳ ಹೊತ್ತಿನ ಮೇಲೆ ಹೊರಗೆ ಬಂದಳು.

"ನಿನ್ನ ಭುಜ ಅಲ್ಲಿ ಹೋಗಲಿಲ್ಲ, ಹೌದಿಲ್ಲೋ?" ಎಂದು ತಂದೆಯನ್ನು ಕೇಳಿದಳು.

"ಇಲ್ಲ" ಎಂದರು ಕೆನ್. "ಇವರಿಲ್ಲದಿದ್ರ ಮುಳಗ್ತಿದ್ದೆ. ಮಾರೂನು."

ಜೂಡಿ ಹರಿದ ಧೋತರದ ಕಾಕಾನನ್ನೂ, ತಂದೆಯನ್ನೂ, ಕಲ್ಲಿನ ನಡುವಿನ ಆ ಕಿರಿದಾರಿಯನ್ನೂ ನೋಡಿದಳು. "ನಾ ಭಾಳ ಅಂಜಿದ್ದು, ಏನಾರ ಕೆಟ್ಟಾಗ ನೀ ಮನಿಗೆ ಹ್ಯಾಂಗ ಬರ್ತಿ ಅಂತ. ಕೆಟ್ಟಿತು, ಬಂದಿ" ಎಂದಳು. ನಂತರ ತೋಳು ಮೇಲೇರಿಸಿ, "ನನ್ನ ಭುಜ ಅಲ್ಲಿ ಹೋಗ್ತೈತಿ. ಆ ನಟ್ಟು ಹ್ಯಾಂಗ ತಿರುವೂದು, ಈ ಹಿರ್ಯಾರಿಗೆ ತೋರಸಾಕ ಹೇಳ್ರಿ" ಎಂದಳು.

ಕಾಕಾ ಅವಳನ್ನು ಒಳಗೆ ಕರೆದುಕೊಂಡು ಹೋದ. ನಾನು ತಿರುಗಿಸಿ ಹೇಳಲು ಹೋದರೆ ಬೇಡವೆಂದು ಕೈ ಮಾಡಿದ. ಅರ್ಧ ಸುತ್ತು ಬಿಗಿ, ಕಾಲು ಸುತ್ತು ಸಡಿಲು. ಗ್ಲ್ಯಾಂಡಿಗೆ ತುಂಬಿದ ಕೆಂಪು ಅಂಚಿನ ಧೋತರದಿಂದ ಹನಿ ಬೀಳುವುದನ್ನು ಇಬ್ಬರೂ ಬೆರಳು ಮಡಚಿ ಎಣಿಸುತ್ತಿದ್ದರು. ಹೊರಗೆ ಕೆನ್ ಕನ್ನಡಕ ತೆಗೆದು ಒರೆಸಿಕೊಂಡರು. ಗಾಳಿಗೆ ಕಣ್ಣಲ್ಲಿ ಉಪ್ಪು ಹೋಯಿತು ಎಂದರು, ಆ ಹೊತ್ತಿಗೆ ಗಾಳಿ ನಿಂತುಹೋಗಿತ್ತು.

ಆ ಸಂಜೆ ಜೂಡಿಯ ಮನೆಯಿಂದ ನಮ್ಮೂರ ಕಿರಾಣಿ ಅಂಗಡಿಗೆ ಫೋನ್ ಮಾಡಿ ಸಿದ್ದೂನನ್ನು ಕರೆಸಿದೆ. ಮೋಟಾರು ಬಂದಿದೆ, ನಾಳೆ ಕೂಡಿಸುತ್ತಾರೆ ಎಂದ. "ಬ್ಯಾಡ. ನಾ ಬರೂತನಾ ಇಂಜಿನ್ನಿಗೆ ಯಾರೂ ಕೈ ಹಚ್ಚಬ್ಯಾಡ್ರಿ" ಎಂದೆ. ಅವನು ಯಾಕೆ ಎಂದು ಕೇಳುತ್ತಿದ್ದಂತೆ ಲೈನ್ ಹೋಯಿತು.

ಹೊಳೆದಂಡೆ

ಊರಿಗೆ ಬಂದ ಮರುದಿನ ಬೆಳಗ್ಗೆ ಕಾಕಾನ ಹಿಂದೆಯೇ ಹೊಳೆಗೆ ಹೋದೆ. ಇಂಜಿನ್ ಅದರ ಜಾಗದಲ್ಲೇ ಇತ್ತು. ಪಕ್ಕದ ಜಾಲಿಗಿಡದ ಕೆಳಗೆ ಹೊಸ ಮೋಟಾರು ಗೋಣಿತಟ್ಟು ಹೊದ್ದು ಕೂತಿತ್ತು. ಇನ್ನು ಮುಚ್ಚಿಡುವುದೇನೂ ಉಳಿದಿರಲಿಲ್ಲ. ಕಾಕಾನ ಮುಂದೆ ಕೂತು ಎಲ್ಲ ಹೇಳಿದೆ. ನೀನು ಜಾರಿ ಬಿದ್ದ ದಿನದಿಂದ ನನಗೆ ನಿದ್ದೆ ಬರುವುದಿಲ್ಲ, ಅದಕ್ಕೇ ಹೀಗೆ ಮಾಡಿದೆ, ತಪ್ಪಾಯಿತು ಎಂದೆ.

ಅವನು ಹ್ಯಾಂಡಲ್ ಒರೆಸುತ್ತಲೇ ಇದ್ದ.

"ನನಗ ಗೊತ್ತಿತ್ತು" ಎಂದ. "ನಾವು ಹೊಂಡೂ ಮುಂಚೆ ಮೋಟಾರಿನವ ಇಲ್ಲಿ ಬಂದು ಅಳತಿ ತಗೊಂಡು ಹ್ವಾದ. ನಾ ಕಬ್ಬಿನಾಗ ಕುಂತು ನೋಡಿದ್ನಿ."

"ಮತ್ತ ಯಾಕ ಸುಮ್ನ ಇದ್ದಿ ಕಾಕಾ? ವಿಮಾನಾ ಯಾಕ ಹತ್ತಿದಿ?"

"ನೀ ಹೇಳ್ತಿ ಅಂತ ಕಾಯ್ದ್ನಿ."

ನನಗೆ ಅಳು ಬಂತು, ತಡೆಯಲಿಲ್ಲ. ಕಾಕಾ ಅದನ್ನು ನೋಡಿಯೂ ನೋಡದವನಂತೆ ಪಾನಾ ತೆಗೆದುಕೊಂಡು ಪಂಪಿನ ಹತ್ತಿರ ಬಗ್ಗಿದ. ಬಗ್ಗುವಾಗ ಸೊಂಟ ಹಿಡಿಯಿತು. ಕ್ಷಣ ಹಾಗೇ ನಿಂತು, ಪಾನಾವನ್ನು ನನ್ನ ಕಡೆ ಚಾಚಿದ.

"ಹ್ಯಾಂಡಲ್ ನಾ ಹೊಡಿತೀನಿ. ಗ್ಲ್ಯಾಂಡ್ ನೀ ನೋಡ್ಕೋ" ಎಂದ.

ಕಚ್ಚಿಕೊಂಡಿದ್ದ ನಟ್ಟನ್ನು ಕಾಲು ಸುತ್ತು ಸಡಿಲಿಸಿದೆ. ಅವನು ಇಂಜಿನ್ ಚಾಲೂ ಮಾಡಿದ. ಪಂಪು ಗಾಳಿ ಹಿಡಿಯಲಿಲ್ಲ, ಹೊಳೆಯ ನೀರು ಏರಿ ಕಬ್ಬಿನ ಕಡೆ ಹೋಯಿತು. ಇಷ್ಟು ವರ್ಷದಲ್ಲಿ ಮೊದಲ ಸಲ ಬಾಳಪ್ಪ ಕಾಕಾನ ಗ್ಲ್ಯಾಂಡಿನಿಂದ ಒಂದು ಹನಿ ಬಿತ್ತು. ಇನ್ನೊಂದು ಬೀಳುತ್ತದೆಯೇ ಎಂದು ಇಬ್ಬರೂ ಕಾಯುತ್ತ ಕೂತೆವು.